ಮೂರನೆಯ ಸಾಲಿನ ತೂತು

ಪರದೆಯ ಮೇಲೆ ಎರಡು ತುಂಡುಗಳು ಒಂದಕ್ಕೊಂದು ತಾಗಿ ನಿಂತಂತೆ ಕಾಣುತ್ತಿದ್ದವು. ತಾಗಿಲ್ಲವೆಂದು ನನಗೆ ಅನುಮಾನ. ಕಬ್ಬಿಣವಾಗಿದ್ದರೆ ಉಗುರು ಆಡಿಸಿ ನೋಡುತ್ತಿದ್ದೆ. ಗಾಜಿನ ಮೇಲೆ ಉಗುರು ಆಡಿಸಿ ಪ್ರಯೋಜನವಿಲ್ಲ. ಮೌಸಿನ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತ ಹೋದೆ. ಚಿತ್ರ ದೊಡ್ಡದಾಯಿತು, ಮತ್ತೂ ದೊಡ್ಡದಾಯಿತು, ಕಡೆಗೆ ಆ ಎರಡರ ನಡುವೆ ಒಂದು ಬಿಳಿಯ ಸಂದು ಬಾಯಿ ತೆರೆಯಿತು.

"ಕಣ್ಣಿಗೆ ಕಂಡಂಗ ಇಡಬ್ಯಾಡ್ರಿ ಅಜ್ಜಾರ," ಎಂದಳು ಕಲಿಸುವ ಹುಡುಗಿ. "ಇಲ್ಲಿ ಕಣ್ಣಿಗೆ ಕೆಲಸಿಲ್ಲ. ಎರಡನ್ನೂ ಹಿಡೀರಿ, ಜೋಡಿಸೋ ಗುಂಡಿ ಒತ್ತರಿ, ಅದ ಕೂಡಸತೈತಿ."

"ಅದು ಕೂಡಸೇತಿ ಅಂತ ನಾ ನಂಬೂದು ಹೆಂಗ?"

"ಈಗ ದೊಡ್ಡದು ಮಾಡಿ ನೋಡಿದ್ರಲ್ಲ, ಮತ್ತ ಹಂಗ ನೋಡ್ರಿ. ನಾ ಬ್ಯಾಡ ಅಂದೇನಿ ಏನು?"

ಆ ಮಾತು ನನಗೆ ಹಿಡಿಸಿತು. ನೋಡಬೇಡವೆನ್ನದ ಗುರುಗಳು ನನಗೆ ಹೆಚ್ಚು ಸಿಕ್ಕಿಲ್ಲ. ಶಾಲೆಯನ್ನು ಬೇಗ ಬಿಟ್ಟವನು ನಾನು. ಯಂತ್ರದ ನಕ್ಷೆ ಓದುವುದನ್ನು, ಅಳತೆಯ ಲೆಕ್ಕವನ್ನು, ಇಂಗ್ಲಿಷಿನ ಅಷ್ಟಿಷ್ಟು ಅಕ್ಷರವನ್ನು ಬ್ಯಾಡಗಿಯ ನನ್ನ ವೆಲ್ಡಿಂಗ್ ಶೆಡ್ಡಿನಲ್ಲೇ ಕಲಿತೆ. ಹೇಳಿದ್ದನ್ನು ತಿರುಗಿಸಿ ನೋಡದೆ ಒಪ್ಪಿಕೊಳ್ಳುವ ಅಭ್ಯಾಸ ಹಾಗಾಗಿ ಬೆಳೆಯಲಿಲ್ಲ. ಈ ಅಭ್ಯಾಸದಿಂದ ಗೆಳೆಯರು ಕಡಿಮೆಯಾದರು, ದಣಿವು ಹೆಚ್ಚಾಯಿತು.

ದಣಿವಿನ ಮಾತನ್ನು ಸುಮ್ಮನೆ ಆಡುತ್ತಿಲ್ಲ. ಬ್ಯಾಡಗಿಯಿಂದ ಹಾವೇರಿಗೆ ಬಸ್ಸು, ಬಸ್‌ಸ್ಟ್ಯಾಂಡಿನಿಂದ ಬಿಸಿಲಿನಲ್ಲಿ ನಡಿಗೆ, ಆಮೇಲೆ ವಕೀಲರ ಬೋರ್ಡುಗಳ ನಡುವೆ ಕಂಪ್ಯೂಟರ್ ತರಗತಿಗೆ ಏರುವ ಕಡಿದಾದ ಮೆಟ್ಟಿಲು. ಮೊಣಕಾಲು ಪ್ರತಿ ಮೆಟ್ಟಿಲಿನಲ್ಲೂ ತನ್ನ ಅಭಿಪ್ರಾಯ ಹೇಳುತ್ತಿತ್ತು. ನನ್ನ ಮನೆಯ ಹಿಂದೆ ಖಾರ ಕುಟ್ಟುವ ಗಿರಣಿ ಇರುವುದರಿಂದ ಅಂಗಿಯಲ್ಲಿ ಸದಾ ಮೆಣಸಿನಕಾಯಿಯ ಧೂಳು. ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಗಿ ಸೀನುತ್ತಿದ್ದಳು. "ಅಜ್ಜಾರಕಿಂತ ಮೊದಲ ಅವರ ಊರು ಒಳಗ ಬರತೈತಿ ನೋಡ್ರಿ," ಎಂದು ಮೂಗು ಒರೆಸಿಕೊಂಡು ಕುರ್ಚಿ ಎಳೆದುಕೊಡುತ್ತಿದ್ದಳು.

ಈ ವಯಸ್ಸಿನಲ್ಲಿ ನಾನು ಅಲ್ಲಿ ಕುಳಿತದ್ದಕ್ಕೆ ಕಾರಣ ಅಕ್ಕನ ಹೊಲ. ಅವಳನ್ನು ಮೇಡ್ಲೇರಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೂ ಅವಳೇ ನಿಂತು ಒಕ್ಕಲುತನ ನಡೆಸಿದವಳು. ಪ್ರತಿ ಮುಂಗಾರಿಗೆ ಗೋವಿನಜೋಳ ಬಿತ್ತುವುದು ನಮ್ಮ ಅಪ್ಪ ಮಾಡಿಕೊಟ್ಟ ಕೂರಿಗೆಯಿಂದ. ದಪ್ಪ ಮರದ ದಿಂಡು, ಅದರ ತೂತುಗಳಿಂದ ಇಳಿಬಿಟ್ಟ ನಾಲ್ಕು ತಾಳುಗಳು, ಅಂದರೆ ಬೀಜ ಇಳಿಯುವ ಕೊಳವೆಗಳು. ಎಳೆದರೆ ಒಮ್ಮೆಗೆ ನಾಲ್ಕು ಸಾಲು ಬೀಜ ಬೀಳುತ್ತದೆ. ಎತ್ತುಗಳು ಹೋದ ಮೇಲೆ ಅದಕ್ಕೊಂದು ಕಬ್ಬಿಣದ ಚೌಕಟ್ಟು ಕಟ್ಟಿ ಸಣ್ಣ ಟ್ರ್ಯಾಕ್ಟರಿಗೆ ಹೂಡುವಂತೆ ಮಾಡಿದವನು ನಾನು. ಸಸಿ ಎದ್ದ ಮೇಲೆ ಕಳೆ ತೆಗೆಯಲು ಅದೇ ಸಾಲುಗಳಲ್ಲಿ ಎಡೆಕುಂಟೆ ಹಾಯಬೇಕು. ಅಕ್ಕನ ಎಡೆಕುಂಟೆಯಲ್ಲಿ ಒಂದು ಉದ್ದನೆಯ ಪಟ್ಟಿ, ಪಟ್ಟಿಯಲ್ಲಿ ಸಾಲಿಗೊಂದರಂತೆ ತೂತು, ಪ್ರತಿ ತೂತಿಗೆ ಒಂದು ಜೋಡಿ ಅಲಗು. ಜೋಡಿಯ ನಡುವಿನ ಸಂದಿನಲ್ಲಿ ಸಸಿ ಹಾಯುತ್ತದೆ, ಅಕ್ಕಪಕ್ಕದ ಕಳೆ ಕತ್ತರಿಸಿ ಬೀಳುತ್ತದೆ. ಸಂದು ಸಾಲಿಗೆ ಕೂಡದಿದ್ದರೆ ಬೀಳುವುದು ಕಳೆಯಲ್ಲ, ಬೆಳೆ.

ಹಲವು ವರ್ಷಗಳಿಂದ ಅವಳ ಹೊಲದಲ್ಲಿ ಮೂರನೆಯ ಸಾಲೇ ಸಾಯುತ್ತಿತ್ತು. ಟ್ರ್ಯಾಕ್ಟರಿನವನ ಕಣ್ಣು ಸರಿಯಿಲ್ಲ ಎಂದರು. ಮಣ್ಣಿನ ಹುಳು ಎಂದರು. ಹಳೆಯ ಎಡೆಕುಂಟೆಯ ನಟ್ಟು ಸಡಿಲ ಎಂದು ನಾನೂ ಅಂದಿದ್ದೆ. ಈ ವರ್ಷ ಅದು ಕಲ್ಲಿಗೆ ಬಡಿದು ಪಟ್ಟಿಯೇ ಮುರಿದುಹೋಯಿತು. ಅಕ್ಕ ಫೋನು ಮಾಡಿದಳು.

"ತಮ್ಮಾ, ಲಗೂನ ಒಂದು ಎಡೆಕುಂಟಿ ಮಾಡಿ ಕೊಡು. ಸಸಿ ಮೊಣಕಾಲಿಗೆ ಬಂದ್ರ ಮುಂದ ಹಾಯಾಕ ಆಗೂದಿಲ್ಲ. ಕಸ ನೋಡಿದ್ರ ಬೆಳಿಕಿಂತ ಜೋರು ಐತಿ."

"ಮಾಡೂಣಕ್ಕಾ."

"ಮಾಡೂಣ ಅಲ್ಲ. ಈ ಸಲಾನೂ ಮೂರನೇ ಸಾಲು ಹೋತಂದ್ರ ಹೊಲಾನ ಲಾವಣಿಗೆ ಕೊಟ್ಟ ಬಿಡ್ತೀನಿ. ನನಗೂ ಸಾಕಾಗೇತಿ."

ಹೊಲವನ್ನು ಗುತ್ತಿಗೆಗೆ ಕೊಟ್ಟು ಮನೆಯಲ್ಲಿ ಕುಳಿತ ಅಕ್ಕನನ್ನು ನಾನು ಊಹಿಸಿಕೊಳ್ಳಲಾರೆ. ಅವಳೂ ಊಹಿಸಿಕೊಂಡಿರಲಿಲ್ಲವೆಂದು ಕಾಣುತ್ತದೆ. ಆ ಮಾತಾಡಿದ ಮೇಲೆ ಹೊಸ ಕುಂಟೆಗೆ ಎಂಥ ಅಲಗು ಬೇಕೆಂದು ಹೇಳತೊಡಗಿದಳು.

ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ಶೆಡ್ಡು ಮುಚ್ಚಿದ್ದೆ. ಪಟ್ಟಿ ಕತ್ತರಿಸಿಕೊಡಲು ರಾಣೆಬೆನ್ನೂರಿನಲ್ಲಿ ಒಬ್ಬ ಪರಿಚಯದವನಿದ್ದಾನೆ. ಹೆದ್ದಾರಿಯ ಬದಿಗೆ ದೊಡ್ಡ ಯಂತ್ರ ಹಾಕಿಕೊಂಡಿದ್ದಾನೆ. ಸೀಮೆಸುಣ್ಣದಲ್ಲಿ ಬರೆದ ನನ್ನ ಹಲಗೆಯನ್ನು ನೋಡಿ ಅವನು ನಕ್ಕ. "ಕಾಕಾ, ಈ ಮಷೀನಿಗೆ ಸೀಮೆಸುಣ್ಣ ಓದಾಕ ಬರೂದಿಲ್ಲ. ಕಂಪ್ಯೂಟರಿನ್ಯಾಗ ಡ್ರಾಯಿಂಗ್ ಮಾಡಿಸಿಕೊಂಡ ಬರ್ರಿ." ಮಾಡಿಸಿಕೊಂಡು ಬರುವುದೆಂದರೆ ಬೇರೊಬ್ಬರ ಮಾತನ್ನು ನಂಬುವುದು. ಮಾಡಿಕೊಂಡೇ ಬರುತ್ತೇನೆಂದು ಹಾವೇರಿಗೆ ಹೋದೆ.

ಹುಡುಗಿ ಕಲಿಸುತ್ತಿದ್ದ, ಹೊಸಬರಿಗೆಂದೇ ಇರುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಪೆಟ್ಟಿಗೆ, ಉರುಳೆಗಳನ್ನು ಎಳೆದು ತಂದು ಜೋಡಿಸಿದರೆ ಯಂತ್ರದ ಭಾಗಗಳಾಗುತ್ತವೆ. ಎಳೆದು ತರುವುದು ಒಂದು ಮುಂಜಾನೆಯಲ್ಲಿ ಬಂತು. ಜೋಡಿಸುವುದು ಬರಲಿಲ್ಲ. ಎರಡನ್ನು ಹಿಡಿದು ಗುಂಡಿ ಒತ್ತಿದರೆ ಸುತ್ತಲೂ ಕಪ್ಪು ಚುಕ್ಕೆಗಳೇಳುತ್ತಿದ್ದವು: ಎಡ ಅಂಚಿಗೆ, ನಡುವಿಗೆ, ಬಲ ಅಂಚಿಗೆ. ನಾನು ಚುಕ್ಕೆ ಒತ್ತಿದೆ; ಸರಿಯಬಾರದ ಪಟ್ಟಿಯೂ ಸರಿದುಹೋಯಿತು.

"ಯಾವುದು ನಿಲ್ಲಬೇಕು, ಯಾವುದು ಸರಿಯಬೇಕು ಅಂತ ಮೊದಲ ಹೇಳಬೇಕ್ರಿ," ಎಂದಳು ಹುಡುಗಿ. "ಹೇಳದಿದ್ರ ಎರಡೂ ಒಂದಿಷ್ಟು ಸರದು ನಡುವ ಭೇಟಿ ಆಗತಾವು."

"ಮದುವಿ ಮಾತುಕತಿ ಆತಲ್ಲವಾ ಇದು."

"ಹೌದ್ರಿ. ಒಬ್ಬರರ ಗಟ್ಟಿ ಕುಂದ್ರಬೇಕು, ಇಲ್ಲಂದ್ರ ಇಬ್ಬರೂ ಬೀದಿಗೆ."

ನಿಲ್ಲಬೇಕಾದದ್ದನ್ನು ಇನ್ನೊಮ್ಮೆ ಒತ್ತಿ ಗುರುತು ಮಾಡಬೇಕಂತೆ. ಆಮೇಲೆ ಅದು ಕದಲುವುದಿಲ್ಲ. ಮಾಡಿದೆ. ಕದಲಲಿಲ್ಲ.

ಆದರೆ ನಾನು ನಾಲ್ಕೂ ಅಲಗಿನ ಜೋಡಿಗಳನ್ನು ಎಡ ಅಂಚಿಗೆ ಕೂಡಿಸಿದ್ದೆ. ಶೆಡ್ಡಿನಲ್ಲಿ ನಮ್ಮ ಪದ್ಧತಿ ಅದು: ಪಟ್ಟಿಯ ಒಂದು ಬದಿಯನ್ನು ಅರದಿಂದ ಉಜ್ಜಿ ನೇರ ಮಾಡಿ, ಎಲ್ಲ ಅಳತೆಯನ್ನೂ ಅಲ್ಲಿಂದಲೇ ಹಿಡಿಯುವುದು. ಜೋಡಿಗಳು ಒಂದೇ ಅಗಲವಿದ್ದರೆ ಅದು ನಡೆಯುತ್ತದೆ. ಕೊನೆಯ ಎರಡಕ್ಕೆ ನಾನು ಅಗಲದ ಅಲಗು ಹಾಕಿದ್ದೆ. ಅಂಚು ಕೂಡಿತು, ನಡುವು ತಪ್ಪಿತು. ಸರಿ ಎಂದು ನಡುವಿನ ಚುಕ್ಕೆ ಒತ್ತಿದೆ. ಆಗಲೂ ಜೋಡಿ ತೂತಿಗೆ ಕೂಡದೆ ಅತ್ತ ನಿಂತಿತ್ತು. ಹುಡುಗಿಯೂ ತಲೆ ಬಾಗಿಸಿ ನೋಡಿದಳು. ಜೋಡಿಯ ಒಂದು ಬದಿಗೆ ಆಸರೆಯ ಸರಳು ಕಟ್ಟಲು ಹೊರಕ್ಕೆ ಚಾಚಿದ ಸಣ್ಣದೊಂದು ಕಿವಿ ಇತ್ತು. ಸಾಫ್ಟ್‌ವೇರು ಆ ಕಿವಿಯನ್ನೂ ಸೇರಿಸಿಕೊಂಡು ನಡುವನ್ನು ಹುಡುಕುತ್ತಿತ್ತು. ಅದರ ಲೆಕ್ಕದಲ್ಲಿ ಅದು ಸರಿ. ನನಗೆ ಬೇಕಾದ ನಡುವು ಅದಲ್ಲ.

"ಕಿವಿ ತಗದು ಮೊದಲ ಕೂಡಸ್ರಿ, ಆಮ್ಯಾಲ ಕಿವಿ ಹಚ್ಚರಿ," ಎಂದಳು. ಹಾಗೆ ಮಾಡಿದೆವು. ಕೊನೆಗೆ ಅವಳು ಒಂದೂವರೆ ಅಡಿಯ ಸಮ ಅಂತರದಲ್ಲಿ ನಾಲ್ಕು ತೂತುಗಳನ್ನು ಇಟ್ಟಳು. ಚಿತ್ರ ನೋಡಲು ಚೆನ್ನಾಗಿತ್ತು. ದೊಡ್ಡದು ಮಾಡಿದೆ, ಸಂದಿರಲಿಲ್ಲ, ತಿರುಗಿಸಿದೆ, ಓರೆಯಿರಲಿಲ್ಲ. "ಇನ್ನರ ನಂಬಿದ್ರಿ?" ಎಂದು ಅವಳು ಕೇಳಿದಳು.

ಚಿತ್ರವನ್ನು ನಂಬಿದ್ದೆ. ಒಂದೂವರೆ ಅಡಿಯನ್ನು ನಂಬಿರಲಿಲ್ಲ.

ಆ ಅಳತೆ ನಮ್ಮ ಮನೆಯ ಕಥೆಯಿಂದ ಬಂದದ್ದು. ಅಪ್ಪ ಟೇಪು ಹಿಡಿಯದೆ, ಬರೀ ದಾರ ಮಡಚಿ ಕೂರಿಗೆಯ ತೂತುಗಳನ್ನು ಗುರುತಿಸಿದನಂತೆ. ಯಾರೋ ಸಾಹೇಬರು ಬಂದು ಅಳೆದು, ಕೂದಲೆಳೆಯ ತಪ್ಪೂ ಸಿಗದೆ ಕೈ ಮುಗಿದು ಹೋದರಂತೆ. ಈ ಕಥೆಯನ್ನು ಹೇಳುವವರಲ್ಲಿ ಆ ಸಾಹೇಬರನ್ನು ಕಂಡವರು ಒಬ್ಬರೂ ಇಲ್ಲ. ಅಪ್ಪನ ಬಾಯಿಂದ ನಾನು ಇದನ್ನು ಕೇಳಿಯೇ ಇಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಅದಿರಲಿ. ಟ್ರ್ಯಾಕ್ಟರಿನವನ ಕೈ ತಪ್ಪಿದರೆ ಒಮ್ಮೆ ಮೊದಲ ಸಾಲು, ಒಮ್ಮೆ ನಾಲ್ಕನೆಯದು ಹೋಗಬೇಕು. ಹುಳು ಸಾಲು ಎಣಿಸಿ ತಿನ್ನುವುದಿಲ್ಲ. ಪ್ರತಿ ವರ್ಷ ಮೂರನೆಯದೇ ಯಾಕೆ? ಇದನ್ನು ಫೋನಿನಲ್ಲಿ ಅಕ್ಕನಿಗೆ ಕೇಳಿದೆ.

"ಅಪ್ಪನ ಕೂರಿಗಿ ಮ್ಯಾಲ ಸಂಶೇ ಪಡ್ತಿ ಏನೋ?"

"ಅಳದು ನೋಡ್ತೀನಿ ಅಂದೆ, ಅಷ್ಟ."

"ನಿನಗ ಹುಟ್ಟಿದಾಗಿಂದ ಇದ ರೋಗ. ಬಾ, ಅಳಿ. ಅಳದು ಕೈ ಮುಗದ ಹೋಗು."

ಮರುದಿನ ಮೇಡ್ಲೇರಿಗೆ ಹೋದೆ. ಕೂರಿಗೆ ದನದ ಕೊಟ್ಟಿಗೆಯಲ್ಲಿ ಗೋಡೆಗೊರಗಿತ್ತು. ದಿಂಡಿನ ತೂತುಗಳನ್ನು ನಡುವಿನಿಂದ ನಡುವಿಗೆ ಅಳೆದೆ. ಒಂದೂವರೆ ಅಡಿ. ಮತ್ತೊಂದೂವರೆ ಅಡಿ. ಮೂರನೆಯದೂ ಅಷ್ಟೇ. ಟೇಪನ್ನು ತಿರುಗಿಸಿ ಇನ್ನೊಂದು ತುದಿಯಿಂದ ಹಿಡಿದೆ, ಬದಲಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿ, ಹೀಗೆ ಮುಗಿಯಬೇಕೆಂದು ನನಗೆ ತೋರಿಸುತ್ತಿದ್ದಳು.

"ಚಾ ಕುಡೀತಿ ಏನು, ಇಲ್ಲಾ ಚಾದ ಮ್ಯಾಲೂ ಸಂಶೇನ?"

ಚಹಾ ಕುಡಿದೆ. ಕುಡಿಯುವಾಗ ಎದ್ದುಹೋಗಬೇಕೆಂದು ನಿಜವಾಗಿಯೂ ಅನ್ನಿಸಿತು. ಜನ ಹೇಳಿದ್ದು ಸರಿಯಾಗಿದ್ದಾಗ ನನಗೆ ಒಂದು ಬಗೆಯ ಆಯಾಸವಾಗುತ್ತದೆ. ಸುಮ್ಮನೆ ನಂಬಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲವಲ್ಲ ಎಂಬ ಆಯಾಸ. ಆದರೂ ಹೊಲಕ್ಕೆ ಹೋಗೋಣವೆಂದೆ. ಅಕ್ಕ ಹಣೆ ಚಚ್ಚಿಕೊಂಡಳು, ಚಪ್ಪಲಿಯನ್ನೂ ಮೆಟ್ಟಿಕೊಂಡಳು.

ಹೊಲದಲ್ಲಿ ಟೇಪು ಹಿಡಿಯಲಿಲ್ಲ. ಅಪ್ಪನ ಕಾಲದ ಪದ್ಧತಿಯಂತೆ ಒಂದು ಬಿದಿರ ಕೋಲನ್ನು ಸಾಲುಗಳಿಗೆ ಅಡ್ಡಲಾಗಿ ಮಲಗಿಸಿ, ಸಸಿಯ ಬುಡ ತಾಗುವಲ್ಲಿ ಕುಡುಗೋಲಿನಿಂದ ಕಚ್ಚು ಹಾಕಿದೆ. ಹಿಂದೆ ಕೂರಿಗೆಗೂ ಕುಂಟೆಗೂ ಒಂದೇ ಕೋಲಿನಿಂದ ಅಳತೆ ತೆಗೆಯುತ್ತಿದ್ದರು, ಎರಡೂ ಒಂದೇ ಮನೆಯವು ಎನ್ನುವಂತೆ. ಕೋಲನ್ನು ಎತ್ತಿ ಕಚ್ಚುಗಳ ನಡುವೆ ಗೇಣು ಹಾಕಿದಾಗಲೇ ತಿಳಿಯಿತು. ಮೂರನೆಯ ಕಚ್ಚು ನಾಲ್ಕನೆಯದರ ಕಡೆಗೆ ಒಂದೂವರೆ ಅಂಗುಲ ಸರಿದಿತ್ತು. ಹತ್ತು ಮಾರು ಮುಂದೆ ಹೋಗಿ ಕೋಲಿಟ್ಟೆ. ಸಸಿಗಳು ಅದೇ ಕಚ್ಚುಗಳಿಗೆ ಬಂದು ನಿಂತವು. ಬದುವಿನ ಹತ್ತಿರ ಇಟ್ಟೆ, ಅಲ್ಲಿಯೂ ಅಷ್ಟೇ.

ಅಕ್ಕ ಕೋಲನ್ನು ಕಿತ್ತುಕೊಂಡು ತಾನೇ ಇಟ್ಟು ನೋಡಿದಳು. ಅವಳೂ ನನ್ನ ಅಕ್ಕನೇ.

"ದಿಂಡಿನ ತೂತು ಸರಿ ಇತ್ತಲ್ಲೋ?"

"ಸರಿ ಐತಿ. ತೂತು ಮ್ಯಾಲ ಐತಿ, ಬೀಜ ಬೀಳೂದು ತಾಳಿನ ತುದಿಯಾಗ. ತಾಳು ಓರೆ ಇಳದೈತಿ."

"ಅಪ್ಪ ಓರೆ ಇಳಿಸಿದ್ನ?"

ಗೊತ್ತಿಲ್ಲವೆಂದೆ. ಅಪ್ಪ ತೂತನ್ನು ಓರೆಯಾಗಿ ಕೊರೆದನೋ, ಮರ ಒಣಗುತ್ತ ತಿರುಚಿಕೊಂಡಿತೋ, ನಾನು ಕಟ್ಟಿದ ಚೌಕಟ್ಟಿನ ಎಳೆತಕ್ಕೆ ತಾಳು ಬಾಗಿತೋ, ಹೇಳುವವರು ಯಾರೂ ಉಳಿದಿಲ್ಲ. ಅಪ್ಪನದೇ ತಪ್ಪೆಂದು ಒಂದು ಕಥೆ ಕಟ್ಟಬಹುದಿತ್ತು. ಹಳೆಯದನ್ನು ಅಲ್ಲಗಳೆದು ಅದರ ಜಾಗದಲ್ಲಿ ನನ್ನದೊಂದನ್ನು ಕೂರಿಸುವುದಾದರೆ ಕೋಲು ಹಿಡಿದು ಬಂದದ್ದು ಯಾಕೆ?

"ಹಂಗಾರ ತಾಳ ನೆಟ್ಟಗ ಮಾಡು."

"ಬಿತ್ತಿ ಆಗೇತಲ್ಲಕ್ಕಾ. ಈಗ ತಾಳ ನೆಟ್ಟಗ ಮಾಡಿದ್ರ ಸಸಿ ಸರಿದು ನಿಲ್ಲತಾವೇನು? ಕುಂಟಿನ ಸರಿಸಬೇಕು."

ಅಕ್ಕನ ಮನೆಯಲ್ಲಿ ಕೂರಿಗೆ ನಡೆದ ದಿಕ್ಕಿನಲ್ಲೇ, ಬಿತ್ತನೆಯ ದಿನ ಪೂಜೆ ಮಾಡಿದ ಬದುವಿನಿಂದಲೇ ಹಿಡಿದು ಎಡೆಕುಂಟೆಯನ್ನು ನಡೆಸುವ ರೂಢಿಯಿದೆ. ಅದರಿಂದಾಗಿಯೇ ಪ್ರತಿ ಸಲವೂ ಮೂರನೆಯ ಸಾಲೇ ಅಲಗಿನ ಬಾಯಿಗೆ ಬರುತ್ತಿತ್ತು. ತಿರುಗಿಸಿ ನಡೆಸಿದರೆ ಸರಿಸಿದ ತೂತು ಎರಡನೆಯ ಸಾಲಿಗೆ ಹೋಗುತ್ತದೆ, ಆ ರೂಢಿಯನ್ನು ಈ ವರ್ಷವೂ ಬಿಡಬಾರದೆಂದು ಹೇಳಿ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಹೊರಟೆ.

ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸುವಾಗ ಕೋಲು ಬಾಗಿಲಿಗೆ ಸಿಕ್ಕಿಕೊಂಡಿತು. "ಅಜ್ಜಾ, ಕೋಲಿಗೆ ಅರ್ಧ ಟಿಕೀಟು ತಗೋ," ಎಂದ ಕಂಡಕ್ಟರ್. ಹಿಂದಿನ ಸೀಟಿನ ಹೆಂಗಸು, "ಅಜ್ಜನ್ನ ಅದರ ಮ್ಯಾಲ ಕುಂದ್ರಿಸಿ ಬಿಡ್ರಿ, ನಿಮ್ಮ ಸೀಟಕಿಂತ ಛಲೋ ಐತಿ," ಎಂದಳು. ನಗಲು ನನಗೂ ಮನಸ್ಸಿತ್ತು, ಬೆನ್ನು ನೋಯುತ್ತಿತ್ತು.

ಹಾವೇರಿಯ ಹುಡುಗಿ ಕೋಲನ್ನು ಮೇಜಿನ ಮೇಲೆ ಮಲಗಿಸಿಕೊಂಡಳು. "ಫೋಟೋ ತಗದ್ರ ಸಾಕಿತ್ತಲ್ರಿ ಅಜ್ಜಾರ?"

"ಫೋಟೋ ಓರೆ ಹಿಡದ್ರ ಅಳತಿನೂ ಓರೆ ಬೀಳತೈತಿ."

ಅವಳು ಅಳೆಯುತ್ತ ಹೋದಳು, ನಾನು ಒಂದೊಂದೇ ಅಂಕಿ ಒತ್ತುತ್ತ ಹೋದೆ. ಮೂರನೆಯದರ ಹತ್ತಿರ ಅವಳ ಕೈ ನಿಂತಿತು. ಸಮವಾಗಿ ಹಂಚಿಬಿಡಲೇ ಎಂದು ಕೇಳಿದಳು. ಬೇಡವೆಂದೆ. ಕಾರಣವನ್ನು ಮೊದಲಿನಿಂದ ಹೇಳಿದೆ: ಕೂರಿಗೆ, ದಿಂಡು, ತಾಳು, ಅಕ್ಕ. ಅವಳು ಪೂರ್ತಿ ಕೇಳಿದಳು.

"ಅಂದ್ರ ಗಟ್ಟಿ ಕುಂದ್ರಬೇಕಾದ್ದು ಕೋಲು. ಸರಿಯಬೇಕಾದ್ದು ಚಿತ್ರ."

"ಹೌದವಾ."

"ಮೊದಲ ಹೇಳಬಾರದೇನ್ರಿ? ನಾ ಇಷ್ಟು ದಿನ ಅಂಕಿನ ಗಟ್ಟಿ ಕುಂದ್ರಿಸಿ ಕಲಸಾಕತ್ತಿದ್ದೆ."

ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಮರುದಿನ ಮುಂಜಾನೆ ರಾಣೆಬೆನ್ನೂರಿನ ಕತ್ತರಿಸುವವನ ಕೈಗೆ ಅದನ್ನು ಕೊಟ್ಟು, ನಿಲ್ಲಲಾರದೆ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆ. ಬೆಂಚಿಗೆ ಗೋಡೆಯ ಆಸರೆಯಿತ್ತು, ಕಣ್ಣು ಮುಚ್ಚಿಹೋಯಿತು. ಎಚ್ಚರವಾಗಿ ಒಳಗೆ ಹೋದಾಗ ಪಟ್ಟಿ ಸಿದ್ಧವಾಗಿತ್ತು, ಮುಟ್ಟಿದರೆ ಇನ್ನೂ ಬಿಸಿ.

"ಕಾಕಾ, ನಿಮ್ಮ ಡ್ರಾಯಿಂಗಿನ್ಯಾಗ ಮೂರನೇ ತೂತು ಸರದ ಬಿಟ್ಟಿತ್ತು," ಎಂದ ಅವನು, ಒಂದು ಉಪಕಾರ ಮಾಡಿದವನ ಮುಖದಲ್ಲಿ. "ನೀವು ಮಲಗಿದ್ರಿ, ಎಬ್ಬಸೂದು ಯಾಕ ಅಂತ ನಾನ ಸರಿ ಮಾಡಿ ಹೊಡದೇನಿ. ಒಂದ ಗುಂಡಿ ಒತ್ತಿದ್ರ ಎಲ್ಲಾ ಸಮ ಆಗತಾವು."

ಬಿದಿರ ಕೋಲನ್ನು ಪಟ್ಟಿಯ ಮೇಲಿಟ್ಟೆ. ಮೂರು ಕಚ್ಚುಗಳು ತೂತಿನ ಮೇಲೆ ಕುಳಿತವು. ಒಂದು, ಬರೀ ಕಬ್ಬಿಣದ ಮೇಲೆ.

"ಸರದಿರಲಿಲ್ಲೋ ಮಾರಾಯಾ. ನಾನ ಸರಿಸಿದ್ದೆ."

"ಬೇಕಂತನ?"

"ಬೇಕಂತನ."

ಅವನ ಮುಖ ಸಪ್ಪಗಾಯಿತು. "ಕೈ ನಡುಗಿರಬೇಕು ಅಂತ ಮಾಡಿದ್ದೆ ಕಾಕಾ."

ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ಹಿರಿಯನೆಂದು ಎಬ್ಬಿಸಲಿಲ್ಲ, ಹಿರಿಯನೆಂದೇ ಕೈ ನಡುಗಿತೆಂದುಕೊಂಡ. ನಮ್ಮ ಕಡೆಯ ಜನ ಮರ್ಯಾದೆಯಿಂದಲೇ ಕೆಲಸ ಕೆಡಿಸುವುದುಂಟು. ಆ ದಪ್ಪದ ಕಬ್ಬಿಣದ ಹಾಳೆ ಮತ್ತೆ ಬರಲು ಲಾರಿ ಕಾಯಬೇಕಿತ್ತು. ಮೇಡ್ಲೇರಿಯ ಕಡೆ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದರೆ ಕೆಸರಿನಲ್ಲಿ ಕುಂಟೆ ಹಾಯದು, ಕೆಸರು ಆರುವ ಹೊತ್ತಿಗೆ ಸಸಿ ಎತ್ತರವಾಗುತ್ತದೆ. ತಪ್ಪಿದ ತೂತಿನ ಪಕ್ಕದಲ್ಲಿ ಸೀಮೆಸುಣ್ಣ ಒತ್ತಿ, ಕಚ್ಚಿಗೆ ಸರಿಯಾಗಿ ಪಂಚು ಹೊಡೆದೆ. ಅವನೇ ಡ್ರಿಲ್ಲು ಹಿಡಿದ. ಹಳೆಯ ತೂತನ್ನು ವೆಲ್ಡಿಂಗಿನಿಂದ ತುಂಬಿಕೊಡುತ್ತೇನೆಂದು ಅಂಗಲಾಚಿದ. ಬಿಸಿಗೆ ಪಟ್ಟಿ ಬಾಗುತ್ತದೆ, ಹಾಗೇ ಇರಲಿ ಎಂದೆ. ಅಲಗಿನ ಜೋಡಿಗಳನ್ನು ಅಲ್ಲೇ ಕೂರಿಸಿದೆವು.

ಮಧ್ಯಾಹ್ನಕ್ಕೆ ಹೊಲದಲ್ಲಿದ್ದೆವು. ಮೋಡ ತಲೆಯ ಮೇಲೆ ಬಂದಿತ್ತು, ಬಿದ್ದಿರಲಿಲ್ಲ. ಪೂಜೆ ಮಾಡಿದ ಬದುವಿನಿಂದ ಟ್ರ್ಯಾಕ್ಟರ್ ಹೊರಟಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮೂರನೆಯ ಸಾಲಿನ ಹಿಂದೆಯೇ ಬಗ್ಗಿ ನಡೆದಳು, ಕಳೆದುಹೋದ ಮೂಗುತಿ ಹುಡುಕುವವಳ ಹಾಗೆ. ನಾನು ಬದುವಿನ ಮೇಲೆ ಕುಳಿತು ಅವಳ ಬೆನ್ನನ್ನಷ್ಟೇ ನೋಡುತ್ತಿದ್ದೆ. ಸಸಿ ಬಿದ್ದಿದ್ದರೆ ಆ ಬೆನ್ನು ನಿಲ್ಲುತ್ತಿತ್ತು. ಹೊಲದ ಆ ತುದಿಯವರೆಗೆ ನಿಲ್ಲಲಿಲ್ಲ.

ತಿರುಗಿ ಬಂದವಳು ಎಡೆಕುಂಟೆಯ ಹತ್ತಿರ ಹೋಗಿ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಇದೊಂದು ಖಾಲಿ ತೂತು ಯಾತಕ್ಕೋ?"

"ಅದು ಅಪ್ಪ ಗುರುತು ಮಾಡಿದ ಜಾಗಾ."

ಅವಳು ಆ ತೂತಿನಲ್ಲಿ ಬೆರಳು ತೂರಿಸಿದಳು. "ಅಂದ್ರ, ತಾಳ ನೆಟ್ಟಗ ಮಾಡಿಸಿದ್ರ ಮುಂದಿನ ವರ್ಷ ಇದಕ್ಕ ಹಾಕಬೌದಲ್ಲ?"

"ಹಾಕಬೌದು. ಮಾಡಸ್ತಿ ಏನು?"

"ನೋಡೂಣು. ಅಪ್ಪನ ತಾಳ ಮುಟ್ಟಾಕ ಮನಸ್ಸ ಬರೂದಿಲ್ಲ." ಬೆರಳನ್ನು ತೆಗೆದು ಸೀರೆಗೆ ಒರೆಸಿಕೊಂಡಳು. "ಮುಟ್ಲಿ ಬಿಡ್ಲಿ, ಬಿತ್ತಾಕಿ ನಾನ."

ಲಾವಣಿಯ ಮಾತು ಅಲ್ಲಿಗೆ ಮುಗಿಯಿತು. ಮೊದಲ ಹನಿಗಳು ಬೀಳತೊಡಗಿದ್ದವು. ಏಳಬೇಕೆಂದರೆ ಮೊಣಕಾಲು ಒಪ್ಪಲಿಲ್ಲ. ಅಕ್ಕ ಬಂದು ಕೈ ಕೊಟ್ಟಳು. ಇನ್ನೊಂದು ಕೈಯಿಂದ ನಾನು ಬಿದಿರ ಕೋಲನ್ನು ಊರಿಕೊಂಡೆ.